ಸಣ್ಣ ಪಡಸಾಲೆಯ ಸೋಫಾ ಮತ್ತು ದೀಪ: ಕೊಪ್ಪಳ ಸೀಮೆ

ಪಡಸಾಲೆ ಎಂದರೆ ತಲೆಬಾಗಿಲು ದಾಟಿದ ಕೂಡಲೇ ಸಿಗುವ ಅಂಕಣ. ಬಂದವರು ಕೂರುವುದು, ಮನೆಯವರು ಉಣ್ಣುವುದು, ಮಕ್ಕಳು ಓದುವುದು, ರಾತ್ರಿ ಹಾಸಿಗೆ ಬಿಚ್ಚುವುದು ಎಲ್ಲವೂ ಇಲ್ಲಿಯೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಈಚಿನ ಮನೆಗಳಲ್ಲಿ ಇದನ್ನು ಹಾಲ್ ಎನ್ನುತ್ತಾರೆ. ಕೆಲಸ ಮಾತ್ರ ಹಳೆಯ ಪಡಸಾಲೆಯದೇ. ಅಂಗಡಿಗಳಲ್ಲಿ ಇಂದು ಸಿಗುವ ಸೋಫಾ ಸೆಟ್ಟು ರೂಪುಗೊಂಡದ್ದು ಉಣ್ಣಲೊಂದು, ಮಲಗಲೊಂದು ಬೇರೆ ಕೋಣೆ ಇರುವ ಮನೆಗಾಗಿ. ಅದು ಒಮ್ಮೆ ಒಳಗೆ ಬಂದರೆ ಜಾಗ ಬಿಟ್ಟು ಕದಲುವುದಿಲ್ಲ. ಹಗಲಿಗೊಂದು ರಾತ್ರಿಗೊಂದು ರೂಪ ತಾಳಬೇಕಾದ ನಮ್ಮ ಪಡಸಾಲೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಬರಿದಾದ ನೆಲ. ಸೋಫಾವನ್ನಾಗಲಿ ದೀಪವನ್ನಾಗಲಿ ಅದು ಎಷ್ಟು ನೆಲವನ್ನು ಬಳಕೆಗೆ ಬಿಟ್ಟುಕೊಡುತ್ತದೆ ಎಂಬ ಒಂದೇ ಅಳತೆಯಿಂದ ಆರಿಸಬೇಕು ಎಂಬುದು ಈ ಲೇಖನದ ವಾದ.

ಈ ಅಳತೆ ಹೊಸದಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತಿ, ಮೇಲ್ಮುದ್ದೆ. ಕೂರಲು ಗೋಡೆಗೆ ಅಂಟಿಸಿಯೇ ಕಟ್ಟಿದ ಕಟ್ಟೆ ಇರುತ್ತಿತ್ತು. ಬೀಗರು ಬಂದರೆ ಹೊರಸು ಹಾಕಿ ಮೇಲೆ ಕಂಬಳಿಯನ್ನೋ ಜಮಖಾನೆಯನ್ನೋ ಹಾಸುತ್ತಿದ್ದರು, ಒರಗಲು ಲೋಡು ಕೊಡುತ್ತಿದ್ದರು. ಅವರು ಎದ್ದು ಹೋದ ಮೇಲೆ ಜಮಖಾನೆ ಮಡಿಕೆಯಾಗಿ ಗೂಟಕ್ಕೆ, ಹೊರಸು ನೆಟ್ಟಗೆ ಗೋಡೆಗೆ ಸೇರುತ್ತಿತ್ತು. ಅದೇ ಜಾಗದಲ್ಲಿ ಜೋಳ ಹಸನು ಮಾಡಲು ಮೊರ ಹಿಡಿದು ಕೂರುತ್ತಿದ್ದರು. ದೀಪವೂ ನೆಲ ಕೇಳುತ್ತಿರಲಿಲ್ಲ. ಗೋಡೆಯಲ್ಲಿ ಕೊರೆದ ಮಾಡದೊಳಗೆ ಚಿಮಣಿ, ಗೂಟಕ್ಕೆ ಕಂದೀಲು, ಹಗಲಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಇನ್ನೊಂದು ಸಂಗತಿ ಗಮನಿಸಬೇಕು. ಸೋಫಾ ಎಂಬ ಶಬ್ದದ ಮೂಲ ಅರಬ್ಬಿಯ ‘ಸುಫ್ಫಾ’. ಹಾಸು ಹಾಸಿದ ಎತ್ತರದ ಕಟ್ಟೆಗೆ ಆ ಹೆಸರು. ತುರ್ಕಿಯ ಮೂಲಕ ಅದು ಯುರೋಪಿಗೆ ಹೋಗಿ ತೋಳು, ಬೆನ್ನು, ಸ್ಪ್ರಿಂಗು ಪಡೆದು ಮರಳಿ ಬಂದಿದೆ. ಹೀಗಾಗಿ ಸಣ್ಣ ಪಡಸಾಲೆಗೆ ಕಟ್ಟೆಯಂಥ ಸೋಫಾ ಬೇಕು ಎನ್ನುವುದು ಸೋಫಾವನ್ನು ಅದರ ಹುಟ್ಟಿದ ರೂಪಕ್ಕೆ ಕರೆದುಕೊಂಡು ಹೋದಂತೆ.

ಲೆಕ್ಕ ಹಾಕಿ ನೋಡೋಣ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಅಡುಗೆಯ ಜಾಗವೂ ಸೇರಿ ಮನೆಗೆ ನಿಗದಿಯಾದ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರ್ ವಿಸ್ತೀರ್ಣ, 2.4 ಮೀಟರ್ ಅಗಲ ಹೇಳುತ್ತದೆ. ಊರೊಳಗೆ 20×30 ಅಡಿಯ ನಿವೇಶನದಲ್ಲಿ ಎದ್ದ ಮನೆಯಲ್ಲಿ 10×12 ಅಡಿಯ ಹಾಲ್ ಸಿಕ್ಕರೆ ಅದೇ ದೊಡ್ಡದು. ಈ 120 ಚದರಡಿಯಲ್ಲಿ ರೂಢಿಯ ‘ಮೂರು, ಒಂದು, ಒಂದು’ ಸೆಟ್ಟನ್ನು ಇಡಿ. ಮೂವರ ಸೋಫಾ ಏಳಡಿ ಉದ್ದ, ಮೂರಡಿ ಆಳ, ಅಂದರೆ 21 ಚದರಡಿ. ಒಂಟಿ ಸೋಫಾ ಎರಡು, ತಲಾ ಒಂಬತ್ತರಂತೆ 18. ನಡುವೆ ನಾಲ್ಕಡಿ ಉದ್ದ, ಎರಡಡಿ ಅಗಲದ ಟೀಪಾಯಿಗೆ ಎಂಟು. ಒಟ್ಟು 47 ಚದರಡಿ, ಹಾಲಿನ ನೂರಕ್ಕೆ 39 ಪಾಲು. ಮೊಳಕಾಲಿಗೂ ಟೀಪಾಯಿಗೂ ನಡುವೆ ಬೇಕಾದ ಒಂದೂವರೆ ಅಡಿ, ಟಿವಿ ಕಟ್ಟೆ, ತಲೆಬಾಗಿಲು, ಅಡುಗೆಮನೆ ಬಾಗಿಲು, ಮಲಗುವ ಕೋಣೆಯ ಬಾಗಿಲು ತೆರೆಯುವ ಜಾಗ ಕಳೆದರೆ ಉಳಿಯುವುದು ಓಣಿಯಂಥ ಹಾದಿ. ಐದು ಜನ ಕೂತಿರುತ್ತಾರೆ, ಆರನೆಯವರು ನೀರಿನ ತಂಬಿಗೆ ಹಿಡಿದು ಅಡ್ಡಡ್ಡ ನಡೆದು ಬರಬೇಕಾಗುತ್ತದೆ. ಅದೇ ಕೋಣೆಯಲ್ಲಿ ಆರಡಿ ಉದ್ದ, ಎರಡೂವರೆ ಅಡಿ ಆಳದ, ತೋಳಿಲ್ಲದ ದಿವಾನದಂಥ ಸೋಫಾ ಒಂದು, ಒಂದೂವರೆ ಅಡಿ ಚೌಕದ, ಬೆನ್ನಿಲ್ಲದ ಮೂಢೆ ಎರಡು ಇಟ್ಟರೆ ಹಿಡಿಯುವುದು 19.5 ಚದರಡಿ, ನೂರಕ್ಕೆ 16. ಕೂರುವವರ ಸಂಖ್ಯೆ ಅಷ್ಟೇ. ಮೂಢೆಗಳನ್ನು ದಿವಾನದ ಪಕ್ಕಕ್ಕೆ ಸರಿಸಿದರೆ ಪಂಕ್ತಿಗೆ ಎಲೆ ಹಾಕಲು, ರಾತ್ರಿ ಹಾಸಿಗೆ ಬಿಡಿಸಲು ನೆಲ ಸಿದ್ಧ.

ಅಳತೆ ಸರಿಯಾದ ಮೇಲೆ ಹವೆ ಮತ್ತು ಮಣ್ಣಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆಗ ರೆಗ್ಜಿನ್ ಹೊದಿಕೆಯ ಸೋಫಾದಲ್ಲಿ ಹತ್ತು ನಿಮಿಷ ಕೂತವರ ಬೆನ್ನು ಅಂಗಿಗೆ, ಅಂಗಿ ರೆಗ್ಜಿನ್ನಿಗೆ ಅಂಟುತ್ತದೆ. ಬೆವರು ಹೀರುವ ಗುಣ ಅದಕ್ಕಿಲ್ಲ. ಒರೆಸಲು ಸುಲಭ ಎಂಬುದು ನಿಜವೇ. ಆದರೆ ಜಿಪ್ಪು ಹಾಕಿದ ದಪ್ಪ ಹತ್ತಿಬಟ್ಟೆಯ ಗೌಸಣಿಗೆಯನ್ನು ಬಿಚ್ಚಿ ಒಗೆದು ಬಿಸಿಲಿಗೆ ಹರವಿದರೆ ಮಧ್ಯಾಹ್ನದೊಳಗೆ ಒಣಗುವ ಊರುಗಳಿವು. ಕುಷ್ಟಗಿ, ಯಲಬುರ್ಗಾದ ಎರೆಭೂಮಿಯ ಕಡೆ ಗಾಳಿ ಎದ್ದರೆ ಸಂದಿಯಲ್ಲೆಲ್ಲ ಧೂಳು. ನೆಲಕ್ಕೆ ಪೂರ್ತಿ ಕೂತ, ಅಡಿಯಲ್ಲಿ ಬಟ್ಟೆ ಹೊಡೆದು ಮುಚ್ಚಿದ ಸೋಫಾದ ಕೆಳಗೆ ಕಸಬರಿಗೆ ಹೋಗುವುದಿಲ್ಲ. ಅಲ್ಲಿ ಧೂಳು ಕೂರುತ್ತದೆ, ಗೆದ್ದಲು ಹತ್ತಿದರೆ ಮಣ್ಣಿನ ಗೆರೆ ಬೆನ್ನಿನವರೆಗೆ ಏರಿದ ಮೇಲೆ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಕಾಲು ಆರು ಇಂಚಾದರೂ ಎತ್ತರವಿರಲಿ. ಕಾಲಿನ ಮೇಲೆ ನಿಂತ ಸೋಫಾದ ಕೆಳಗೆ ನೆಲ ಕಾಣುವುದರಿಂದ ಕೋಣೆಯೂ ದೊಡ್ಡದೆನಿಸುತ್ತದೆ. ಚೌಕಟ್ಟು ಸಾಗವಾನಿಯದೋ ಚೆನ್ನಾಗಿ ಒಣಗಿದ ಬೇವಿನದೋ ಇದ್ದರೆ ಒಳ್ಳೆಯದು. ಪ್ಲೈವುಡ್ ಆದರೆ ಹಾಳೆಯ ಮೇಲಿನ ಐಎಸ್‌ಐ ಗುರುತಿನೊಂದಿಗೆ ಇರುವ ಸಂಖ್ಯೆ ಓದಿಕೊಳ್ಳಬೇಕು: ಐಎಸ್ 303 ಸಾಮಾನ್ಯ ಬಳಕೆಯದು, ಐಎಸ್ 710 ನೀರು ತಾಳುವ ಮರೀನ್ ದರ್ಜೆಯದು. ಗಂಗಾವತಿ, ಕಾರಟಗಿಯ ಕಾಲುವೆ ಬದಿಯ ಊರುಗಳಲ್ಲಿ ಗೋಡೆಗೆ ತೇವ ಏರುವ ಮನೆಗಳಿಗೆ ಎರಡನೆಯದೇ ತಕ್ಕದ್ದು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಸೋಫಾ ಎಷ್ಟೇ ಅಗ್ಗವಾದರೂ ಬೇಡ. ತೇವ ತಾಗಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಕೂಡುವುದಿಲ್ಲ. ಫೋಮು ಪ್ರತಿ ಘನ ಮೀಟರಿಗೆ 32ರಿಂದ 40 ಕಿಲೋ ಸಾಂದ್ರತೆಯದಾಗಿರಲಿ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಹಿರಿಯರ ಮೊಳಕಾಲಿನದು. ನೆಲ ಬಿಡಿ, ನೆಲ ಬಿಡಿ ಎನ್ನುತ್ತೀರಿ, ನೆಲದ ಮೇಲೆ ಕೂತರೆ ಏಳಲಾಗದವರ ಗತಿಯೇನು? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಮೊಳಕಾಲು ನೋಯುವವರಿಗೆ ಆಗದಿರುವುದು ಮುಖ್ಯವಾಗಿ ಮೈ ಹುದುಗಿಹೋಗುವ ಮೆತ್ತನೆಯ, ತಗ್ಗಿನ, ಆಳದ ಸೋಫಾ. ಅದರಿಂದ ಏಳಲು ಇನ್ನೊಬ್ಬರ ಕೈ ಬೇಕು. ಒಂದೂವರೆ ಅಡಿ ಎತ್ತರದ, ಗಟ್ಟಿ ಫೋಮಿನ, ಪಾದ ನೆಲಕ್ಕೆ ಊರುವಷ್ಟೇ ಆಳದ ದಿವಾನದಿಂದ ಏಳುವುದು ಸುಲಭ. ಒಂದು ತುದಿಗೆ ಮಾತ್ರ ಹಿಡಿದು ಏಳಲು ಮರದ ತೋಳು ಇಡಿಸಿದರಾಯಿತು. ಎರಡನೆಯ ಆಕ್ಷೇಪ ಮರ್ಯಾದೆಯದು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಡುವ ಮನೆಸಾಮಾನಿನಲ್ಲಿ ಸೋಫಾ ಸೆಟ್ಟಿಗೆ ಜಾಗವಿದೆ. ಸೆಟ್ಟಿಲ್ಲದ ಹಾಲ್ ಬೋಳು ಎಂಬ ಭಾವನೆಯೂ ಇದೆ. ಇದನ್ನು ಹಗುರವಾಗಿ ತಳ್ಳಿಹಾಕಬಾರದು, ಬಂದವರನ್ನು ಗೌರವದಿಂದ ಕೂರಿಸಬೇಕೆಂಬ ಆಸೆ ಒಳ್ಳೆಯದೇ. ಆದರೆ ಬೀಗರಿಗೆ ಜಮಖಾನೆ ಹಾಸಿ ಲೋಡು ಕೊಟ್ಟ ಸೀಮೆಯಲ್ಲಿ ಗೌರವ ಕಾಣುತ್ತಿದ್ದುದು ಹಾಸಿದ ಹಾಸಿನಲ್ಲಿ. ನವಲಗುಂದದ ಜಮಖಾನೆ ಹೊದಿಸಿದ ದಿವಾನ, ಮೇಲೆ ಎರಡು ಲೋಡು ಇದ್ದರೆ ಯಾವ ಬೀಗರೂ ಕಡಿಮೆಯಾಯಿತು ಎನ್ನಲಾರರು. ಕೊಡುವವರೂ ಮೊದಲೇ ಹಾಲಿನ ಅಳತೆ ಕೇಳಿ ಕೊಟ್ಟರೆ ಎರಡೂ ಮನೆಗೆ ಒಳ್ಳೆಯದು.

ಮೂರನೆಯದು, ಎಲ್ ಆಕಾರದ ಸೋಫಾ ಮೂಲೆಯನ್ನು ಉಳಿಸುತ್ತದೆ ಎಂಬ ಮಾತು. ನಾಲ್ಕೂ ಗೋಡೆಯಲ್ಲಿ ಒಂದೊಂದು ಬಾಗಿಲೋ ಕಿಟಕಿಯೋ ಇರುವ ಹಾಲಿನಲ್ಲಿ ಪೂರ್ತಿ ಖಾಲಿಯಾದ ಎರಡು ಗೋಡೆಗಳು ಕೂಡುವ ಮೂಲೆ ಅಪರೂಪ. ಸಿಕ್ಕರೂ ಆ ಮೂಲೆಯಲ್ಲಿ ಕೂತವರಿಗೆ ಕಾಲು ಚಾಚಲು ಜಾಗವಿಲ್ಲ. ಸೋಫಾ ಕಮ್ ಬೆಡ್ ಕುರಿತು ಹೇಳುವುದು ಸ್ವಲ್ಪ: ಬಿಚ್ಚಲು ಮುಂದೆ ಇನ್ನೂ ಮೂರಡಿ ಬೇಕು, ತಿರುಗಣಿ ಸಡಿಲವಾದರೆ ರಿಪೇರಿಗೆ ಊರೂರು ಅಲೆಯಬೇಕು, ಆರಡಿಯ ದಿವಾನದ ಮೇಲೆ ಒಬ್ಬರು ಹಾಗೆಯೇ ಮಲಗಬಹುದು.

ಇನ್ನು ದೀಪ. ಹಾಲಿನಲ್ಲಿ ಒಂದೇ ಟ್ಯೂಬ್‌ಲೈಟು, ಅದೂ ಟಿವಿಯ ಮೇಲಿನ ಗೋಡೆಯಲ್ಲಿ ಏಳೆಂಟು ಅಡಿ ಎತ್ತರದಲ್ಲಿ. ಇದು ಈ ಸೀಮೆಯ ಸಾಮಾನ್ಯ ರೂಢಿ. ಸಂಜೆ ಏಳು ಗಂಟೆಗೆ ಮಗು ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಪಟ್ಟಿ ಬಿಚ್ಚಿಕೊಂಡು ಬಗ್ಗಿದರೆ, ಅದರ ತಲೆಯ ನೆರಳು ಬರೆಯುವ ಸಾಲಿನ ಮೇಲೆಯೇ ಬೀಳುತ್ತದೆ. ಮುಖ ಮಾಡಿ ಕೂತರೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ತಾರಸಿಗೆ ದೀಪ ಹಚ್ಚಿ ಅದರ ಕೆಳಗೆ ಫ್ಯಾನು ತಿರುಗಿಸಿದರೆ ರೆಕ್ಕೆಗಳು ಬೆಳಕನ್ನು ಕತ್ತರಿಸಿ ಇಡೀ ಕೋಣೆ ಮಿಣುಮಿಣುಕೆನ್ನುತ್ತದೆ. ದೀಪದಿಂದ ದೂರ ಎರಡು ಪಟ್ಟಾದರೆ ಅದರ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಏಳಡಿ ಎತ್ತರದ ದೊಡ್ಡ ದೀಪಕ್ಕಿಂತ ಮೂರೂವರೆ ಅಡಿ ದೂರದ ಸಣ್ಣ ದೀಪ ಓದಿಗೆ ಹೆಚ್ಚು ಬೆಳಕು ಕೊಡುವುದು ಈ ಕಾರಣಕ್ಕೆ. ಮಾಡದ ಚಿಮಣಿ ಕೂತವರ ಭುಜದ ಎತ್ತರದಲ್ಲಿ ಇರುತ್ತಿದ್ದುದರ ಜಾಣತನವೂ ಇದೇ. ಆದ್ದರಿಂದ ಒಂದರ ಬದಲು ಮೂರು ಸಣ್ಣ ದೀಪ: ದಿವಾನದ ತಲೆಯ ಪಕ್ಕ ಗೋಡೆಗೆ ನೆಲದಿಂದ ನಾಲ್ಕೂವರೆ ಅಡಿಗೊಂದು, ಮಕ್ಕಳು ಕೂತು ಓದುವ ಎಡಗಡೆಯ ಗೋಡೆಗೊಂದು, ಬಾಗಿಲ ಬಳಿಯೊಂದು. ನೆಲದ ಮೇಲೆ ನಿಲ್ಲಿಸುವ ಉದ್ದ ಕಂಬದ ದೀಪ ಚಿತ್ರದಲ್ಲಿ ಚೆಂದ. ಸಣ್ಣ ಹಾಲಿನಲ್ಲಿ ಅದು ಒಂದೂವರೆ ಅಡಿ ನೆಲ ನುಂಗುತ್ತದೆ, ಅದರ ವೈರು ಕಾಲಿಗೆ ತೊಡರುತ್ತದೆ.

ಮೂರು ದೀಪವೆಂದರೆ ಕರೆಂಟು ಹೆಚ್ಚು ಸುಡುವುದಿಲ್ಲವೇ? 2015ರ ಡಿಸೆಂಬರಿನಲ್ಲಿ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ ಎಲ್‌ಇಡಿ ಬಲ್ಬುಗಳ ವಿತರಣೆ ಶುರುವಾಯಿತು. ಅಲ್ಲಿಂದ ಮನೆಮಾತಾದ 9 ವಾಟಿನ ಬಲ್ಬು ಹಳೆಯ 60 ವಾಟಿನ ಬುರುಡೆಗಿಂತ ಕಡಿಮೆ ಬೆಳಕನ್ನೇನೂ ಕೊಡುವುದಿಲ್ಲ. ಮೂರೂ ಸೇರಿ 27 ವಾಟು. ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ನಾಲ್ಕು ಯೂನಿಟ್ಟು. ಚೋಕು ಸೇರಿ 50 ವಾಟು ಹಿಡಿಯುವ ಹಳೆಯ ಟ್ಯೂಬ್‌ಲೈಟು ಅಷ್ಟೇ ತಾಸಿಗೆ ಏಳೂವರೆ ಯೂನಿಟ್ಟು ತಿನ್ನುತ್ತದೆ. ಉಚಿತ ಕರೆಂಟಿನ ಗೃಹಜ್ಯೋತಿ ಬಂದ ಮೇಲೆ ಯೂನಿಟ್ಟಿನ ಲೆಕ್ಕವೇಕೆ ಎನ್ನುವವರಿದ್ದಾರೆ. 2023ರ ಜುಲೈನಿಂದ ಜಾರಿಯಾದ ಆ ಯೋಜನೆಯಲ್ಲಿ ಪ್ರತಿ ಮನೆಗೂ 200 ಯೂನಿಟ್ ಸಿಗುವುದಿಲ್ಲ. ಯೋಜನೆಗೆ ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅಷ್ಟೇ ಉಚಿತ. ದೀಪದಲ್ಲಿ ಉಳಿದದ್ದು ಬೇಸಿಗೆಯ ಫ್ಯಾನಿಗೆ ಆಗುತ್ತದೆ. ಕರೆಂಟು ಹೋದಾಗ ಸಣ್ಣ ಇನ್ವರ್ಟರಿನಲ್ಲಿ ಬೇಕಾದ ಒಂದೇ ದೀಪ ಉರಿಸಿಕೊಳ್ಳಬಹುದು.

ಬಣ್ಣದ ವಿಷಯದಲ್ಲಿ ಈ ಸೀಮೆಗೆ ತನ್ನದೇ ಆದ ಕಾರಣವಿದೆ. ಬಿಳಿ ಬೆಳಕು ತಂಪು, ಹಳದಿ ಬೆಳಕು ಶೆಕೆ ಎಂದು ಬಹಳ ಜನ ನಂಬಿದ್ದಾರೆ. ಕೋಣೆಯನ್ನು ಕಾಯಿಸುವುದು ದೀಪದ ವಾಟು. ಹಳೆಯ ಬುರುಡೆ ತಾನು ಹೀರಿದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಹೊರಹಾಕುತ್ತಿದ್ದುದರಿಂದ ಹಳದಿಗೆ ಆ ಹೆಸರು ಬಂತು. 9 ವಾಟಿನ ಎಲ್‌ಇಡಿಯಲ್ಲಿ ಬಿಳಿಯೂ ಹಳದಿಯೂ ಶಾಖದಲ್ಲಿ ಸಮ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿ, ಕಾರಟಗಿ ಕಡೆ ಭತ್ತದ ಗದ್ದೆಗಳು ಮನೆಯ ಹಿತ್ತಿಲವರೆಗೆ ಬಂದಿವೆ. ಪೈರು ತೆನೆ ಕಟ್ಟುವ ದಿನಗಳಲ್ಲಿ ಸಂಜೆಯಾದರೆ ಜಿಗಿಹುಳು, ಪತಂಗಗಳು ದೀಪಕ್ಕೆ ಮುತ್ತಿ ಉಣ್ಣುವ ತಾಟಿಗೆ ಉದುರುತ್ತವೆ. ನೀಲಿ ಛಾಯೆಯ 6500 ಕೆಲ್ವಿನ್ ಬಿಳಿ ಬೆಳಕಿಗೆ ಅವು ಹೆಚ್ಚು ಬರುತ್ತವೆ, 2700ರಿಂದ 3000 ಕೆಲ್ವಿನ್ ಹಳದಿಗೆ ಕಡಿಮೆ. ಬಾಗಿಲ ಬಳಿಯ ದೀಪವಂತೂ ಹಳದಿಯೇ ಆಗಿರಲಿ. ಓದುವ ಕಡೆಗೆ 4000 ಕೆಲ್ವಿನ್ ಸಾಕು. ಗೋಡೆಗೆ ಸುಣ್ಣದ ಬಿಳಿಯನ್ನೋ ತೆಳು ಕೆನೆಬಣ್ಣವನ್ನೋ ಬಳಿದರೆ ಅದೇ ದೀಪ ಇನ್ನೂ ಬೆಳಗುತ್ತದೆ. ಹಗಲಿಗೆ ದೀಪವೇ ಬೇಡ: ಒಣಹವೆಯ ಸೀಮೆಯಲ್ಲಿ ಕಿಟಕಿಗಳ ಅಳತೆ ನೆಲದ ಹತ್ತನೆಯ ಒಂದು ಪಾಲಾದರೂ ಇರಲೆಂದು ಕಟ್ಟಡ ಸಂಹಿತೆ ಹೇಳುತ್ತದೆ. 120 ಚದರಡಿಗೆ 12 ಚದರಡಿ. ಪಕ್ಕದ ಮನೆ ಗೋಡೆಗೆ ಗೋಡೆ ತಾಗಿದ್ದು ಕಿಟಕಿಗೆ ಆಸ್ಪದವಿಲ್ಲದಿದ್ದರೆ ತಾರಸಿ ಹಾಕುವಾಗಲೇ ಗಾಜಿನ ಬೆಳಕಿಂಡಿಯೊಂದನ್ನು ಬಿಡಿಸಿಕೊಳ್ಳಿ. ಅದರ ಬಾಯಿ ಉತ್ತರಕ್ಕಿದ್ದರೆ ಬಿಸಿಲು ಕಡಿಮೆ, ಬೆಳಕು ಸಮ.

ಬೇಕಾದ ಸರಕು, ಕೈಗಳು ಹತ್ತಿರದಲ್ಲೇ ಇವೆ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಹಗುರ ಮರಕ್ಕೆ ಹುಣಸೆಬೀಜದ ಅಂಟು ಬಳಸಿ ಬಣ್ಣ ಕೂರಿಸುವ ಚಿತ್ರಗಾರರಿದ್ದಾರೆ. ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ದೀಪದ ಹಿಂಬದಿಯ ಹಲಗೆಯೊಂದನ್ನು ಅವರಿಂದ ಬರೆಸಿಕೊಳ್ಳಬಹುದು. ಆನೆಗೊಂದಿಯಲ್ಲಿ ಹೆಂಗಸರು ಬಾಳೆನಾರಿನ ಹುರಿಯಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ; ಆ ಹೆಣಿಗೆ ಮೂಢೆಯ ಮೇಲ್ಮೈಗೂ ಒಪ್ಪುತ್ತದೆ. ದಿವಾನದ ಚೌಕಟ್ಟನ್ನು ಊರ ಬಡಿಗರೇ ಮಾಡಿಕೊಡಬಲ್ಲರು, ಅದೂ ನಿಮ್ಮ ಗೋಡೆಯ ಅಳತೆಗೆ.

ಅಂಗಡಿಗೆ ಹೋಗುವ ಮುನ್ನ ಒಂದು ಕೆಲಸ ಮಾಡಿ. ಕೊಳ್ಳಬೇಕೆಂದಿರುವ ಸೋಫಾದ ಉದ್ದ, ಆಳವನ್ನು ಸೀಮೆಸುಣ್ಣದಿಂದ ನಿಮ್ಮ ಹಾಲಿನ ನೆಲದ ಮೇಲೆ ಗೆರೆ ಎಳೆಯಿರಿ. ಮೂರು ದಿನ ಆ ಗೆರೆಯೊಳಗೆ ಯಾರೂ ಕಾಲಿಡದೆ ಉಂಡು, ಓದಿ, ಮಲಗಿ ನೋಡಿ. ಆಮೇಲೆ ತಲೆಬಾಗಿಲಿನ ಅಗಲವನ್ನೂ ಅಳೆದು ಬರೆದುಕೊಳ್ಳಿ.