ಮಿದುಳಿನ ಭಾಷೆಗೆ ಗಣಕ ಮಾದರಿ: ಬಹುಭಾಷಿಕರಿಗೆ ಯಾವ ನುಡಿಯಲ್ಲಿ ಚಿಕಿತ್ಸೆ?

ರಾಯಚೂರು ನಗರದ ಮಾರುಕಟ್ಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ. ಮಾನ್ವಿಯ ನೀರಾವರಿ ಕ್ಯಾಂಪುಗಳಲ್ಲಿ ತೆಲುಗು, ದೇವದುರ್ಗದ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಹೊರಗಿನ ವ್ಯವಹಾರಕ್ಕೆ ಕನ್ನಡ. ಇಂತಹ ಬಹುಭಾಷಿಕರು ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡರೆ ತರಬೇತಿಯನ್ನು ಯಾವ ಭಾಷೆಯಲ್ಲಿ ಆರಂಭಿಸಬೇಕು? ಮಿದುಳಿನ ಭಾಷಾ ಪ್ರಕ್ರಿಯೆಯನ್ನು ಅನುಕರಿಸುವ ಗಣಕ ಮಾದರಿಗಳು ಉತ್ತರಿಸಲು ಯತ್ನಿಸಿರುವ ಪ್ರಶ್ನೆಗಳಲ್ಲಿ ಇದೂ ಒಂದು.

ಹಿನ್ನೆಲೆ

ಮಿದುಳಿನ ಹಾನಿಯಿಂದ ಉಂಟಾಗುವ ಭಾಷಾ ನ್ಯೂನತೆಗೆ ಅಫೇಸಿಯಾ ಎಂದು ಹೆಸರು. 1861ರಲ್ಲಿ ಪಾಲ್ ಬ್ರೋಕಾ ಮಾತಿನ ಉಚ್ಚಾರಣೆಗೆ, 1874ರಲ್ಲಿ ಕಾರ್ಲ್ ವರ್ನಿಕೆ ಗ್ರಹಿಕೆಗೆ ಸಂಬಂಧಿಸಿದ ಮಿದುಳಿನ ಭಾಗಗಳನ್ನು ಗುರುತಿಸಿದರು. ಆದರೆ ಒಬ್ಬರಲ್ಲೇ ಇರುವ ಎರಡು ಭಾಷೆಗಳ ಪದಗಳು ಪರಸ್ಪರ ಹೇಗೆ ಬೆಸೆದುಕೊಂಡಿವೆ ಎಂಬುದು ಇದರಿಂದ ಸ್ಪಷ್ಟವಾಗಲಿಲ್ಲ.

ಮಾದರಿಯ ಕಾರ್ಯವಿಧಾನ

ಟೆಕ್ಸಾಸ್ ವಿಶ್ವವಿದ್ಯಾಲಯದ ರಿಸ್ಟೊ ಮೀಕ್ಕುಲೈನೆನ್ ರೂಪಿಸಿದ 'ಡಿಸ್‌ಲೆಕ್ಸ್' ಮಾದರಿಯನ್ನು ಬೋಸ್ಟನ್ ವಿಶ್ವವಿದ್ಯಾಲಯದ ಸ್ವಾತಿ ಕಿರಣ್ ಮತ್ತು ಸಂಗಡಿಗರು ದ್ವಿಭಾಷಿಕರಿಗೆ ಅನ್ವಯಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಇದರಲ್ಲಿ ಅರ್ಥಕ್ಕೆ ಒಂದು, ಇಂಗ್ಲಿಷ್ ಹಾಗೂ ಸ್ಪ್ಯಾನಿಷ್ ಧ್ವನಿರೂಪಗಳಿಗೆ ತಲಾ ಒಂದು ಕೃತಕ ನರಜಾಲವಿದೆ. ಭಾಷೆ ಕಲಿತ ವಯಸ್ಸು ಮತ್ತು ಬಳಕೆಯ ಪ್ರಮಾಣಕ್ಕೆ ಅನುಗುಣವಾಗಿ ಜಾಲಗಳ ನಡುವಿನ ಕೊಂಡಿಗಳು ಬಲಗೊಳ್ಳುತ್ತವೆ. ಬಳಿಕ ಕೊಂಡಿಗಳನ್ನು ಕೆಡಿಸಿ, ಒಂದೇ ಭಾಷೆಯಲ್ಲಿ ಮರುತರಬೇತಿ ನೀಡಿ, ಇನ್ನೊಂದು ಭಾಷೆಯೂ ಚೇತರಿಸುವುದೇ ಎಂದು ಪರೀಕ್ಷಿಸಲಾಗುತ್ತದೆ. ಈ ಫಲಿತಾಂಶಗಳನ್ನು ನೈಜ ರೋಗಿಗಳ ಚೇತರಿಕೆಯೊಂದಿಗೆ ಹೋಲಿಸಲಾಯಿತು.

ಹೈದರಾಬಾದ್ ಅಧ್ಯಯನ

1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಅದೇ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 608 ಪಾರ್ಶ್ವವಾಯು ರೋಗಿಗಳ ಕುರಿತು ಸುವರ್ಣಾ ಅಲ್ಲಾಡಿ ಮತ್ತಿತರರು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ದ್ವಿಭಾಷಿಕರಲ್ಲಿ ಶೇ 40.5ರಷ್ಟು, ಏಕಭಾಷಿಕರಲ್ಲಿ ಶೇ 19.6ರಷ್ಟು ಮಂದಿಯ ಅರಿವಿನ ಸಾಮರ್ಥ್ಯ ಕುಂದಿರಲಿಲ್ಲ. ಆದರೆ ಅಫೇಸಿಯಾ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಅಂದರೆ, ಹಲವು ಭಾಷೆ ಬಲ್ಲವರಿಗೂ ಮಾತಿನ ಚಿಕಿತ್ಸೆಯ ಅಗತ್ಯ ತಪ್ಪದು.

ಕನ್ನಡದ ಸವಾಲು

ಇಂಗ್ಲಿಷ್–ಸ್ಪ್ಯಾನಿಷ್ ಮಾದರಿಯನ್ನು ಯಥಾವತ್ತಾಗಿ ರಾಯಚೂರಿಗೆ ಅನ್ವಯಿಸಲಾಗದು. 'ಮನೆಯಲ್ಲಿ', 'ಮನೆಯಿಂದ' ಎಂಬಂತೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದದೊಳಗೇ ಸೇರುತ್ತದೆ. ತೆಲುಗಿನದೂ ಇದೇ ಜಾಡು. ಕನ್ನಡ–ತೆಲುಗು–ಉರ್ದು ಮಾದರಿಗೆ ಈ ಭಾಷೆಗಳ ಪದಸಂಗ್ರಹ ಹಾಗೂ ಇಲ್ಲಿನ ರೋಗಿಗಳ ಚೇತರಿಕೆಯ ದಾಖಲೆ ಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಭಾಷಾ ನ್ಯೂನತೆಗಳ ಅಧ್ಯಯನದಲ್ಲಿ ತೊಡಗಿರುವ ಪ್ರಮುಖ ಕೇಂದ್ರ.

ಯಂತ್ರ ಇರಲಿ, ಇಲ್ಲದಿರಲಿ, ಚಿಕಿತ್ಸಕರಿಗೆ ಬೇಕಾದ ಮೊದಲ ಮಾಹಿತಿ ಮನೆಯವರ ಬಳಿಯೇ ಇರುತ್ತದೆ: ರೋಗಿ ಯಾವ ಭಾಷೆಯನ್ನು ಯಾವ ವಯಸ್ಸಿನಲ್ಲಿ ಕಲಿತರು, ನಿತ್ಯ ಯಾರೊಡನೆ ಯಾವುದನ್ನು ಆಡುತ್ತಿದ್ದರು ಎಂಬುದು.