ಹಟ್ಟಿ, ಕೋಟೆ, ಗರಡಿ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಕಾಳಗವಿದ್ಯೆ

ಚಿತ್ರದುರ್ಗ ಜಿಲ್ಲೆಯ ಕಾಳಗವಿದ್ಯೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ದುರ್ಗದ ಏಳುಸುತ್ತಿನ ಕೋಟೆಯಿಂದ ಆರಂಭಿಸಿ ಅದರೊಳಗೇ ಮುಗಿಸಿದ್ದಾರೆ. ಆ ಕೋಟೆಯನ್ನು ಕಾದವರು ಎಲ್ಲಿಂದ ಬಂದರು, ಬಿಲ್ಲು, ಈಟಿ, ಬಂದೂಕುಗಳ ಅಭ್ಯಾಸ ಅವರಿಗೆ ಎಲ್ಲಿ ಆಯಿತು, ಅದನ್ನು ಕಲಿಸಿದವರು ಯಾರು ಎಂದು ಕೇಳಹೊರಟರೆ ದಾರಿ ದುರ್ಗದಿಂದ ಪೂರ್ವಕ್ಕೂ ಈಶಾನ್ಯಕ್ಕೂ ತಿರುಗಿ, ಇಂದು ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳೆನಿಸಿರುವ, ಮಳೆ ಕಡಿಮೆ ಬೀಳುವ, ಬಂಡೆಗುಡ್ಡಗಳೂ ಹುಲ್ಲುಗಾವಲುಗಳೂ ತುಂಬಿದ ಬಯಲುಸೀಮೆಗೆ ಹೋಗುತ್ತದೆ. ಇಲ್ಲಿ ಕಾಳಗವಿದ್ಯೆಯೆಂಬುದು ಬಿಡುವಿನ ಹವ್ಯಾಸವಾಗಿರಲಿಲ್ಲ, ಪ್ರತ್ಯೇಕ ಶಾಲೆಯ ಪಾಠವೂ ಆಗಿರಲಿಲ್ಲ. ದನ ಕಾಯುವುದು, ಬೇಟೆಯಾಡುವುದು, ಪಾಳೆಯಗಾರನ ಕರೆಗೆ ಓಗೊಟ್ಟು ಹೊರಡುವುದು ಎಂಬ ಮೂರು ಕಸುಬುಗಳೊಳಗೇ ಅದು ಬೆರೆತಿತ್ತು. ಆದ್ದರಿಂದಲೇ ಆ ಕಸುಬುಗಳು ಕಳಚಿದಾಗ ವಿದ್ಯೆಯೂ ನೆಲೆ ತಪ್ಪಿತು.

ಸೀಮೆಯ ಪ್ರಾಚೀನತೆಗೆ ಸಾಕ್ಷ್ಯಗಳ ಕೊರತೆಯಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನವು ಬೃಹತ್ ಶಿಲಾಗೋರಿಗಳ ಕಾಲದ ಜನ, ಅಂದರೆ ಸತ್ತವರನ್ನು ದೊಡ್ಡ ಕಲ್ಲುಚಪ್ಪಡಿಗಳ ಕೋಣೆಗಳಲ್ಲಿ ಹೂಳುತ್ತಿದ್ದ ಜನ, ಕಬ್ಬಿಣದ ಆಯುಧಗಳನ್ನು ಬಳಸುತ್ತಿದ್ದುದನ್ನು ತೋರಿಸಿಕೊಟ್ಟಿತು. ಅದೇ ಬೆಟ್ಟದ ತಪ್ಪಲಲ್ಲಿಯೂ ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿಯೂ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಕಿರು ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಎಂದರೆ ಇಲ್ಲಿನ ಮೇಲಧಿಕಾರಿಗಳಿಗೆ, ಕಳುಹಿಸಿದ ಆ ಆಜ್ಞೆಯಲ್ಲಿ ಪ್ರಾಣಿದಯೆ, ಸತ್ಯ ಮತ್ತು ತಂದೆತಾಯಿಗಳ ಸೇವೆಗಳ ಜೊತೆಗೆ ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿಯೂ ಸೇರಿದೆ. ಯುದ್ಧವನ್ನು ತೊರೆದ ಚಕ್ರವರ್ತಿಯೊಬ್ಬನ ಈ ಮಾತು ಮುಂದೆ ಯುದ್ಧವೇ ಬದುಕಾದ ನಾಡಿನ ಬಂಡೆಯ ಮೇಲೆ ನಿಂತಿರುವುದು ವಿಚಿತ್ರವೆನಿಸಿದರೂ, ಗುರುವಿಗೆ ನಡೆದುಕೊಳ್ಳಬೇಕಾದ ರೀತಿಯ ಬಗೆಗೆ ಸೀಮೆಯಲ್ಲಿ ಉಳಿದುಬಂದಿರುವ ಅತಿ ಹಳೆಯ ಬರಹವು ಅದೇ ಆಗಿದೆ.

ಮಧ್ಯಯುಗದಲ್ಲಿ ಈ ಪ್ರದೇಶ ನೊಳಂಬವಾಡಿಗೆ ಸೇರಿತ್ತು. ನೊಳಂಬರ ರಾಜಧಾನಿಯಾದ ಹೆಂಜೇರು, ಈಗಿನ ಹೇಮಾವತಿ, ಇಲ್ಲಿಗೆ ದೂರವಲ್ಲ. ನಾಡಿನ ಇತರೆಡೆಗಳಂತೆ ಇಲ್ಲಿಯೂ ವೀರಗಲ್ಲುಗಳು, ಅಂದರೆ ಕಾದಿ ಮಡಿದವನ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಊರಂಚಿನಲ್ಲಿಯೂ ಹೊಲದ ಬದುವಿನಲ್ಲಿಯೂ ಕಾಣಸಿಗುತ್ತವೆ. ಅರಸನ ಯುದ್ಧದಲ್ಲಿ ಮಡಿದವನಿಗೆ ಸಂದ ಗೌರವವೇ ತುರುಗೋಳ್‌ನಲ್ಲಿ, ಎಂದರೆ ಶತ್ರುಗಳು ದನಗಳನ್ನು ಅಪಹರಿಸಿದಾಗ ಅವನ್ನು ಮರಳಿ ತರಲು ನಡೆದ ಹೋರಾಟದಲ್ಲಿ, ಮಡಿದವನಿಗೂ ಸಂದಿದೆ. ಅರಮನೆಯ ಮಲ್ಲವಿದ್ಯೆಯ ವಿವರ ಬೇಕಾದವರಿಗೆ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವಿದೆ, ಜಟ್ಟಿಗಳ ದರ್ಜೆ, ಅವರ ಆಹಾರ, ಭಾರ ಎತ್ತುವುದು, ಈಜುವುದು, ಕಂಬದ ಮೇಲೆ ಸಾಧನೆ ಮಾಡುವುದು ಮುಂತಾದ ಅಭ್ಯಾಸಗಳನ್ನು ಅದು ಕ್ರಮವಾಗಿ ಹೇಳುತ್ತದೆ. ಹಟ್ಟಿಯವರ ಕಲಿಕೆಯನ್ನು ಹಾಗೆ ಬರೆದಿಟ್ಟವರಿಲ್ಲ, ಅದನ್ನು ಆಚರಣೆಗಳಿಂದಲೂ ಹಾಡುಗಳಿಂದಲೂ ಊಹಿಸಿಕೊಳ್ಳಬೇಕಾಗುತ್ತದೆ.

ಹಟ್ಟಿ ಎಂದರೆ ದನ ಸಾಕುವವರ ವಸತಿ. ಗುಡಿಸಲುಗಳ ನಡುವೆ ಮುಳ್ಳುಬೇಲಿಯ ರೊಪ್ಪ, ರೊಪ್ಪದೊಳಗೆ ದನ ಅಥವಾ ಕುರಿ. ಈ ಸೀಮೆಯ ಹಟ್ಟಿಗಳಲ್ಲಿ ಮುಖ್ಯವಾಗಿ ಎರಡು ಸಮುದಾಯಗಳಿವೆ. ಒಂದು ಕಾಡುಗೊಲ್ಲರದು, ಇನ್ನೊಂದು ಮ್ಯಾಸಬೇಡರದು. ಮ್ಯಾಸಬೇಡರೆಂದರೆ ಊರೊಳಗೆ ನೆಲೆನಿಂತ ಊರಬೇಡರಿಂದ ಬೇರೆಯಾಗಿ ಅಡವಿಯಂಚಿನಲ್ಲಿ ದನಗಳೊಂದಿಗೆ ಬದುಕಿದವರು, ಇಂದು ಮ್ಯಾಸನಾಯಕರೆಂದು ಕರೆಸಿಕೊಳ್ಳುವವರು. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ ಮೊದಲಾದ ಅವರ ಸಾಂಸ್ಕೃತಿಕ ವೀರರಾಗಲಿ, ಗೊಲ್ಲರ ಜುಂಜಪ್ಪ, ಎತ್ತಪ್ಪರಾಗಲಿ ಸಾಮ್ರಾಜ್ಯ ಕಟ್ಟಿದವರಲ್ಲ, ದನಗಾಹಿಗಳು. ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಕಿಲಾರಿ, ಎಂದರೆ ಮಂದೆಯ ಹೊಣೆ ಹೊತ್ತವನು, ಇಂದಿಗೂ ಕಟ್ಟುನಿಟ್ಟಾದ ನೇಮದಲ್ಲಿರುತ್ತಾನೆ. ಚಿರತೆ, ತೋಳ, ಕಳ್ಳರೆಂಬ ಮೂರು ಕಡೆಯ ಭಯದ ನಡುವೆ ಮಂದೆಯನ್ನು ಉಳಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಇಂಥ ಕಾವಲುಗಾರನ ಹಿಂದೆ ಅಲೆಯುವ ಹುಡುಗನಿಗೆ ಕವಣೆಯಲ್ಲಿ ಕಲ್ಲಿಟ್ಟು ಬೀಸುವುದು, ದೊಣ್ಣೆಯನ್ನು ತಲೆಯ ಮಟ್ಟದಲ್ಲಿ ಅಡ್ಡ ಹಿಡಿದು ಏಟು ತಡೆಯುವುದು, ಹೆಜ್ಜೆ ನೋಡಿ ಪ್ರಾಣಿ ಹೋದ ದಿಕ್ಕು ತಿಳಿಯುವುದು, ಸದ್ದಾಗದಂತೆ ಬಂಡೆಯ ಮೇಲೆ ಬರಿಗಾಲಲ್ಲಿ ಇಳಿಯುವುದು ಇವೆಲ್ಲ ಯಾರೂ ಪಾಠವೆಂದು ಹೇಳದೆಯೇ ಬಂದುಬಿಡುತ್ತಿದ್ದವು. ಹಬ್ಬದ ಬೇಟೆಗಳಲ್ಲಿ ಇಡೀ ಹಟ್ಟಿಯ ಗಂಡಸರು ಸಾಲು ಕಟ್ಟಿ ಪೊದೆ ಬಡಿಯುವಾಗ ಯಾರು ಎಲ್ಲಿ ನಿಲ್ಲಬೇಕು, ಯಾರ ಕೂಗಿಗೆ ಯಾರು ಕದಲಬೇಕು ಎಂಬ ಶಿಸ್ತೂ ಹುಡುಗರಿಗೆ ರೂಢಿಯಾಗುತ್ತಿತ್ತು. ಸೇನೆಗೆ ಬೇಕಾದ ಕಾಲಾಳು ಇಲ್ಲಿಯೇ ಅರ್ಧ ತಯಾರಾಗುತ್ತಿದ್ದನೆಂದರೆ ಉತ್ಪ್ರೇಕ್ಷೆಯಾಗಲಾರದು.

ಆ ಕಾಲಾಳನ್ನು ದುಡಿಸಿಕೊಂಡವರು ಪಾಳೆಯಗಾರರು. ವಿಜಯನಗರದ ಅವನತಿಯ ಹೊತ್ತಿಗೆ, 1568ರ ಸುಮಾರಿಗೆ, ಮತ್ತಿ ತಿಮ್ಮಣ್ಣನಾಯಕನಿಂದ ಆರಂಭವಾದ ಚಿತ್ರದುರ್ಗದ ನಾಯಕ ಮನೆತನವೂ, ನಾಯಕನಹಟ್ಟಿ, ರಾಯದುರ್ಗ, ನಿಡುಗಲ್ಲುಗಳ ಸಣ್ಣ ಪಾಳೆಯಪಟ್ಟುಗಳೂ ಈ ಜನರನ್ನು ಕಟ್ಟುಬಡಿ ವ್ಯವಸ್ಥೆಯಲ್ಲಿ ಇರಿಸಿಕೊಂಡಿದ್ದವು. ಕಟ್ಟುಬಡಿ ಎಂದರೆ ತಿಂಗಳ ಸಂಬಳದ ಬದಲು ಉಂಬಳಿ ಭೂಮಿಯನ್ನು ಅನುಭವಿಸುತ್ತ, ಕರೆ ಬಂದಾಗ ತನ್ನದೇ ಆಯುಧದೊಂದಿಗೆ ಹಾಜರಾಗುವ ಸೇವೆ. ಹೊಲ ಉಳುವವನೂ ಕೋಟೆ ಕಾಯುವವನೂ ಒಬ್ಬನೇ ಆಗಿದ್ದ ಈ ಏರ್ಪಾಡಿನಲ್ಲಿ ಕೈಚಳಕ ಮಾಸದಂತೆ ನೋಡಿಕೊಳ್ಳುವುದು ಭೂಮಿಯನ್ನು ಉಳಿಸಿಕೊಳ್ಳುವ ದಾರಿಯೂ ಆಗಿತ್ತು.

ಇದರ ಫಲ ಹೇಗಿತ್ತೆಂಬುದಕ್ಕೆ ಚಳ್ಳಕೆರೆಯ ಮಗ್ಗುಲಲ್ಲಿರುವ ದೊಡ್ಡೇರಿ ಸಾಕ್ಷಿ. 1695ರ ನವೆಂಬರ್‌ನಲ್ಲಿ ಔರಂಗಜೇಬನ ಸರದಾರ ಕಾಸಿಂಖಾನನು ಮರಾಠರ ಸೇನಾಪತಿ ಸಂತಾಜಿ ಘೋರ್ಪಡೆಯನ್ನು ತಡೆಯಲು ಬಂದು, ತಾನೇ ಸಿಕ್ಕಿಬಿದ್ದು ದೊಡ್ಡೇರಿಯ ಚಿಕ್ಕ ಕೋಟೆಗೆ ಹಿಮ್ಮೆಟ್ಟಬೇಕಾಯಿತು. ದುರ್ಗದ ಬಿಚ್ಚುಗತ್ತಿ ಭರಮಣ್ಣನಾಯಕನು ಸಂತಾಜಿಯ ಪಕ್ಷ ವಹಿಸಿದ್ದನು. ಮರಾಠರ ಕುದುರೆಸವಾರರ ವೇಗಕ್ಕೆ ಇಲ್ಲಿನ ಕಾಲಾಳುಗಳ ಗುರಿ ಸೇರಿದಾಗ ಮೊಗಲರ ಭಾರಿ ದಂಡು ಕೋಟೆಯೊಳಗೆ ಅನ್ನ, ಮೇವಿಲ್ಲದೆ ಕಂಗೆಟ್ಟಿತು. ಕಾಸಿಂಖಾನನು ಅಲ್ಲಿಯೇ ಸತ್ತನು, ಉಳಿದವರು ಹಣ ತೆತ್ತು ಪ್ರಾಣ ಉಳಿಸಿಕೊಂಡರು. ದಖ್ಖನಿನ ಇತಿಹಾಸದಲ್ಲಿ ಇದನ್ನು ಸಂತಾಜಿಯ ಗೆಲುವೆಂದೇ ದಾಖಲಿಸುವುದು ವಾಡಿಕೆ. ಬಂಡೆಯ ಮರೆಯಿಂದ ಬತ್ತಿಕೋವಿ ಹಾರಿಸಿದವರು, ಎಂದರೆ ಉರಿಯುವ ಬತ್ತಿಯಿಂದ ಮದ್ದಿಗೆ ಬೆಂಕಿ ಮುಟ್ಟಿಸುವ ಬಂದೂಕು ಹಿಡಿದವರು, ಆ ದಾಖಲೆಯಲ್ಲಿ ಹೆಸರಿಲ್ಲದ ಗುಂಪಾಗಿಯೇ ಉಳಿದಿದ್ದಾರೆ.

ಗುರಿ ಅಡವಿಯಲ್ಲಿ ಬಂದರೆ ಮೈಕಟ್ಟು ಬರುತ್ತಿದ್ದುದು ಗರಡಿಯಲ್ಲಿ. ಚಿತ್ರದುರ್ಗದ ಕೋಟೆಯೊಳಗೆ ಗರಡಿಮನೆಯೊಂದು ಇಂದಿಗೂ ಇದೆ. ಪಾಳೆಯಗಾರರ ಕಾಲದಿಂದ ಈಚೆಗೆ ಪೇಟೆಗಳಲ್ಲಿಯೂ ದೊಡ್ಡ ಹಳ್ಳಿಗಳಲ್ಲಿಯೂ ಅದೇ ಮಾದರಿಯ ಮನೆಗಳು ಬೆಳೆದವು. ಮಧ್ಯ ಕರ್ನಾಟಕದ ಗರಡಿ ಸಾಮಾನ್ಯವಾಗಿ ದಪ್ಪ ಗೋಡೆಯ, ಕಿಟಕಿ ಕಡಿಮೆಯಿರುವ, ಬಗ್ಗಿಯೇ ಒಳಹೋಗಬೇಕಾದಷ್ಟು ತಗ್ಗಾದ ಬಾಗಿಲಿನ ಕಟ್ಟಡ. ಒಳಗೆ ಒಂದು ಮೂಲೆಯಲ್ಲಿ ಆಂಜನೇಯ, ನಡುವೆ ತಗ್ಗು ತೋಡಿ ಕೆಮ್ಮಣ್ಣು ತುಂಬಿದ ಅಖಾಡ. ಆ ಮಣ್ಣನ್ನು ಜರಡಿ ಹಿಡಿದು, ಕಲ್ಲು ಹರಳು ತೆಗೆದು, ಎಣ್ಣೆ, ಮಜ್ಜಿಗೆ, ಅರಿಶಿನ, ಬೇವಿನ ಸೊಪ್ಪಿನ ಪುಡಿ ಬೆರೆಸಿ ಹದ ಮಾಡುತ್ತಾರೆ. ಒಣಗಿ ಗಟ್ಟಿಯಾದರೆ ಬಿದ್ದವನ ಮೂಳೆಗೆ ಪೆಟ್ಟು, ಹಸಿ ಹೆಚ್ಚಾದರೆ ಕಾಲು ಜಾರುತ್ತದೆ. ಹೀಗಾಗಿ, ಹೊಸದಾಗಿ ಸೇರಿದವನಿಗೆ ಮೊದಲ ಕೆಲಸ ಕುಸ್ತಿಯಲ್ಲ, ಸನಿಕೆ ಹಿಡಿದು ಈ ಮಣ್ಣನ್ನು ಅಗೆದು ಸಡಿಲ ಮಾಡುವುದು. ಹೆಗಲು, ಸೊಂಟ, ಉಸಿರು ಮೂರನ್ನೂ ಹುರಿಗೊಳಿಸುವ ಈ ದುಡಿಮೆಯಲ್ಲಿ ಹುಡುಗನು ಎಷ್ಟು ದಿನ ನಿಲ್ಲುತ್ತಾನೆಂಬುದನ್ನು ನೋಡಿಕೊಂಡೇ ವಸ್ತಾದಿ, ಅಂದರೆ ಗರಡಿಯ ಗುರು, ಮುಂದಿನದನ್ನು ತೀರ್ಮಾನಿಸುತ್ತಾನೆ. ಅನಂತರ ದಂಡ, ಬಸ್ಕಿ, ಕಲ್ಲುಗುಂಡು ಎತ್ತುವುದು, ಗದೆ ತಿರುಗಿಸುವುದು. ಇವುಗಳನ್ನೆಲ್ಲ ಒಟ್ಟಾಗಿ ಸಾಮು ಎನ್ನುತ್ತಾರೆ. ಪಟ್ಟು, ಎಂದರೆ ಎದುರಾಳಿಯನ್ನು ಹಿಡಿದು ಕೆಡವುವ ತಂತ್ರ, ಮತ್ತು ಅದಕ್ಕೆ ಉತ್ತರವಾದ ಮರುಪಟ್ಟು ಬರುವುದು ಬಹಳ ತಡವಾಗಿ. ಅದನ್ನೂ ಬಾಯಲ್ಲಿ ವಿವರಿಸುವುದಕ್ಕಿಂತ ಮೈಮೇಲೆ ಹಾಕಿ ತೋರಿಸುವುದೇ ರೂಢಿ: ಕಲಿಯುವವನು ಮೊದಲು ಬೀಳುತ್ತಾನೆ, ಬಿದ್ದುದು ಹೇಗೆಂದು ಅರಿತ ಮೇಲೆ ಕೆಡವಲು ಕಲಿಯುತ್ತಾನೆ. ಬಾದಾಮಿ, ತುಪ್ಪಗಳಿಗೆ ಕೈ ಎಟುಕದ ಈ ಬರದ ಸೀಮೆಯಲ್ಲಿ ನೆನೆಸಿದ ಕಡಲೆ, ಶೇಂಗಾ, ಹಾಲು, ರಾಗಿಮುದ್ದೆಗಳೇ ಪೈಲ್ವಾನನ ಆಹಾರ.

ಗರಡಿಯಲ್ಲಿ ಬಳಕೆಯಾಗುವ ಕುಸ್ತಿ, ಪೈಲ್ವಾನ, ತಾಲೀಮು, ಕಲಾಜಂಗ್ ಎಂಬ, ಪಾರಸಿಯ ದಾರಿಯಿಂದ ಬಂದ ಮಾತುಗಳನ್ನು ಗಮನಿಸಿದರೆ ಆಂಜನೇಯನ ಮುಂದೆ ನಡೆಯುವ ಈ ಸಾಧನೆ ಬಹಮನಿ, ಬಿಜಾಪುರ, ಮರಾಠಾ ದಂಡುಗಳ ಒಡನಾಟದಲ್ಲಿ ಬೆಳೆದುದು ತಿಳಿಯುತ್ತದೆ. ಗರಡಿಯನ್ನು ಒಂದೇ ಮತದ ಸೊತ್ತೆಂದು ಬಗೆಯುವ ಇತ್ತೀಚಿನ ಹಟಕ್ಕೆ ಚರಿತ್ರೆಯ ಆಧಾರವಿಲ್ಲ.

1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಗೆದ್ದು ಕೊನೆಯ ಮದಕರಿನಾಯಕನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಕಳುಹಿಸಿದನು. ಅದಕ್ಕಿಂತಲೂ ದೂರಗಾಮಿಯಾದುದು ಅವನ ಮುಂದಿನ ಕ್ರಮ. ರೈಸ್‌ರ ಗೆಜೆಟಿಯರ್ ತಿಳಿಸುವಂತೆ ಸೀಮೆಯ ಬೇಡರ ಪೈಕಿ 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿ, ತಕ್ಕ ವಯಸ್ಸಿನ ಹುಡುಗರನ್ನು ಮತಾಂತರಿಸಿ ಚೇಲಾ ಪಡೆಗಳೆಂಬ ಹೊಸ ದಳಗಳಿಗೆ ಸೇರಿಸಲಾಯಿತು. ಕೋಟೆ ಬಿದ್ದರೆ ಇನ್ನೊಬ್ಬ ಅರಸನು ಅದನ್ನು ದುರಸ್ತಿ ಮಾಡಿಸಿಯಾನು. ಕಲಿಯುವ ವಯಸ್ಸಿನ ಒಂದು ಇಡೀ ತಲೆಮಾರೇ ಹಟ್ಟಿಗಳಿಂದ ಕಣ್ಮರೆಯಾದರೆ ಕಲಿಸುವವರಿದ್ದೂ ವಿದ್ಯೆ ನಿಲ್ಲುತ್ತದೆ. ದುರ್ಗದ ಪತನವನ್ನು ಕುರಿತ ಬರಹಗಳು ಅರಸನ ದುರಂತಕ್ಕೆ ಕೊಟ್ಟ ಪುಟಗಳಲ್ಲಿ ಒಂದು ಪಾಲನ್ನಾದರೂ ಈ ಹುಡುಗರಿಗೆ ಕೊಡಬೇಕಾಗಿತ್ತು.

1799ರ ಬಳಿಕ ಮೈಸೂರಿನ ದಿವಾನ ಪೂರ್ಣಯ್ಯನವರ ಆಡಳಿತದಲ್ಲಿ ಉಳಿದ ಕಾಲಾಳುಗಳಿಗೆ ಕಂದಾಚಾರದಲ್ಲಿ, ಎಂದರೆ ಪೊಲೀಸು, ಟಪಾಲು, ಕಾವಲುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಇಲಾಖೆಯಲ್ಲಿ, ಸ್ವಲ್ಪ ಮಟ್ಟಿಗೆ ಆಶ್ರಯ ದೊರೆಯಿತು. ಯುದ್ಧಕ್ಕೆ ತಯಾರಾದವನು ಕಾಗದದ ಚೀಲ ಹೊತ್ತು ನಡೆಯುವಂತಾಯಿತು. ಆಯುಧವನ್ನೇ ಕಸಿದುಕೊಂಡಾಗ ಏನಾಗುತ್ತಿತ್ತೆಂಬುದಕ್ಕೆ ಉತ್ತರದ ಮುಧೋಳ ಸೀಮೆಯ ಹಲಗಲಿ ನಿದರ್ಶನ: 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಅಲ್ಲಿನ ಬೇಡರು ಧಿಕ್ಕರಿಸಿದರು, ಊರು ಸುಟ್ಟುಹೋಯಿತು. ಚಳ್ಳಕೆರೆಯ ಕಡೆ ಅಂಥ ದಂಗೆಯ ಹೆಸರು ಕೇಳಿಬರುವುದಿಲ್ಲ, ಇಲ್ಲಿ ಅಷ್ಟು ಹೊತ್ತಿಗೆ ನಾಯಕನೂ ಇರಲಿಲ್ಲ, ಉಂಬಳಿಯೂ ಇರಲಿಲ್ಲ. 1878ರ ಶಸ್ತ್ರ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಬಂದೂಕಿಗೆ ಲೈಸೆನ್ಸು ವಿಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನೇ ಅಪರಾಧವಾಗಿಸಿತು. ಎರಡನೆಯದು ನ್ಯಾಯವಾದ ಕಾನೂನೇ ಆದರೂ ಹಬ್ಬದ ಬೇಟೆಯಲ್ಲಿ ಉಳಿದುಕೊಂಡಿದ್ದ ಕೊನೆಯ ಸಾಮೂಹಿಕ ಅಭ್ಯಾಸವು ಅದರೊಂದಿಗೆ ಬಾಡಿತು.

ಕಸುಬು ಹೋದ ಮೇಲೆ ವಿದ್ಯೆ ಎರಡು ಕಡೆ ಉಳಿಯಿತು. ಮೊದಲನೆಯದು ಆಚರಣೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯಲ್ಲಿ ನಡೆಯುವ ಕ್ಯಾತಪ್ಪನ ಜಾತ್ರೆಯಲ್ಲಿ ಕಾಡುಗೊಲ್ಲರು ಬಾರೆ ಮುಳ್ಳಿನ ಕೊಂಬೆಗಳನ್ನು ಒಟ್ಟಿ ಎತ್ತರದ ಗುಡಿ ಕಟ್ಟಿ ತುದಿಯಲ್ಲಿ ಕಳಶವಿಡುತ್ತಾರೆ. ನೇಮದಲ್ಲಿದ್ದ ಯುವಕರು ಬರಿಗಾಲಲ್ಲಿ, ಬರಿಮೈಯಲ್ಲಿ ಆ ಮುಳ್ಳಿನ ಮೇಲೆ ನುಗ್ಗಿ ಹತ್ತಿ ಕಳಶವನ್ನು ಕೀಳುತ್ತಾರೆ. ಭಕ್ತರು ಇದನ್ನು ದೇವರ ಮಹಿಮೆಯೆನ್ನುತ್ತಾರೆ. ಚರಿತ್ರೆಯ ಕಣ್ಣಿಗೆ ಅದು ಮುಳ್ಳಿನ ರೊಪ್ಪ ಕಟ್ಟಿದವರೂ ದಾಟಿದವರೂ ಆದ ಜನರ ಧೈರ್ಯದ ಪರೀಕ್ಷೆಯಾಗಿಯೂ ಕಂಡರೆ ತಪ್ಪಿಲ್ಲ. ಎರಡನೆಯದು ಬಯಲು ಕುಸ್ತಿ. ಸುಗ್ಗಿಯ ನಂತರದ ಜಾತ್ರೆಗಳಲ್ಲಿ ಕೆರೆಯಂಗಳದಲ್ಲೋ ಹೊಲದಲ್ಲೋ ಮಣ್ಣು ಹದಗೊಳಿಸಿ ನಡೆಸುವ ಈ ಕುಸ್ತಿಗಳು ದಾವಣಗೆರೆಯ ಕಡೆ ಇಂದಿಗೂ ದೊಡ್ಡದಾಗಿ ನಡೆಯುತ್ತವೆ. ಗೆದ್ದವನಿಗೆ ಬೆಳ್ಳಿಯ ಕಡಗ ಅಥವಾ ಗದೆ, ಜೊತೆಗೆ ಒಂದಿಷ್ಟು ಹಣ. ಮೊದಲು ಉಂಬಳಿಯಾಗಿದ್ದುದು ಹೀಗೆ ಒಂದು ಸಂಜೆಯ ಬಹುಮಾನಕ್ಕೆ ಇಳಿಯಿತು.

ಸೀಮೆಯ ಅತ್ಯಂತ ಪ್ರಸಿದ್ಧ ಕಾದಾಟಗಾರ್ತಿಯಂತೂ ಗರಡಿಯ ಹೊಸ್ತಿಲು ತುಳಿದವಳಲ್ಲ. ಕಹಳೆಯವನ ಹೆಂಡತಿಯಾದ ಓಬವ್ವ ದುರ್ಗದ ಕೋಟೆಯ ಕಿಂಡಿಯಿಂದ ನುಸುಳಿ ಬಂದ ಹೈದರನ ಸೈನಿಕರನ್ನು ಒನಕೆಯಿಂದ ಬಡಿದ ಕಥೆ ನಾಡಿನುದ್ದಕ್ಕೂ ಹರಡಲು ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರಾದ ತ. ರಾ. ಸುಬ್ಬರಾಯರ ಬರಹವೂ, ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ನಿರ್ದೇಶಿಸಿದ ‘ನಾಗರಹಾವು’ ಚಿತ್ರವೂ ಕಾರಣವಾದವು. 2021ರಿಂದ ನವೆಂಬರ್ 11ನ್ನು ಸರ್ಕಾರ ಓಬವ್ವ ಜಯಂತಿಯಾಗಿ ಆಚರಿಸುತ್ತಿದೆ, ಅವಳ ಹೆಸರಿನಲ್ಲಿ ಸರ್ಕಾರಿ ಹಾಸ್ಟೆಲುಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ತರಬೇತಿಯೂ ನಡೆಯುತ್ತದೆ. ಅಲ್ಲಿ ಕಲಿಸುವುದು ಬಹುತೇಕ ಕರಾಟೆ: ಓಕಿನಾವ ದ್ವೀಪದಲ್ಲಿ ರೂಪುಗೊಂಡು, ಜಪಾನಿನ ಶಾಲೆಗಳಲ್ಲಿ ವ್ಯವಸ್ಥಿತವಾಗಿ, ಬಣ್ಣದ ಬೆಲ್ಟುಗಳ ದರ್ಜೆಯೊಂದಿಗೆ ಜಗತ್ತು ಸುತ್ತಿದ ವಿದ್ಯೆ. ಪರದೇಶದ್ದೆಂದು ಇದನ್ನು ಹಳಿಯುವವರಿದ್ದಾರೆ. ಆದರೆ ಗರಡಿಯ ತಗ್ಗು ಬಾಗಿಲು ತಲೆಮಾರುಗಳ ಕಾಲ ಹೆಣ್ಣಿಗೆ ತೆರೆದಿರಲಿಲ್ಲವೆಂಬುದನ್ನು ಅವರು ಮರೆಯುತ್ತಾರೆ. ಹಟ್ಟಿಯ ಹುಡುಗಿಯೊಬ್ಬಳು ಹಗಲು ಹೊತ್ತಿನಲ್ಲಿ, ಗುರುವಿನ ಎದುರು, ಸಾಲಿನಲ್ಲಿ ನಿಂತು ಏಟು ತಡೆಯಲು ಕಲಿಯುವುದು ಈ ಸೀಮೆಯ ಚರಿತ್ರೆಯಲ್ಲಿ ಹೊಸದು.

ವಿದ್ಯೆಯಂತೆಯೇ ಅದು ಬೆಳೆದ ನೆಲವೂ ಬದಲಾಗಿದೆ. ದನಗಾಹಿಗಳು ಅಲೆದ ಅಮೃತಮಹಲ್ ಕಾವಲುಗಳ, ಅಂದರೆ ಮೈಸೂರು ಅರಸರ ದನದ ಇಲಾಖೆಗೆ ಮೀಸಲಾಗಿದ್ದ ಹುಲ್ಲುಗಾವಲುಗಳ, ಬಹುಭಾಗವನ್ನು ಕುದಾಪುರ, ಉಳ್ಳಾರ್ತಿಗಳ ಸುತ್ತ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಲಾಗಿದ್ದು, 2017ರಿಂದ ಅಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಕೆಲಸ ಮಾಡುತ್ತಿದೆ. ಚಾಲಕರಿಲ್ಲದ ವಿಮಾನಗಳು ಹಾರುವ ಆ ಬೇಲಿಯೊಳಕ್ಕೆ ಕುರಿ ಮೇಯಿಸಲು ಹೋಗುವ ಹಕ್ಕಿಗಾಗಿ ಸುತ್ತಲ ಹಳ್ಳಿಗರು ನ್ಯಾಯಾಲಯದವರೆಗೂ ಹೋದರು.