ಕಯಾಕ್ ಸಾಗಿಸಲು ಕಾರಿನ ಕ್ಯಾರಿಯರ್: ಆಯ್ಕೆ ಹೇಗೆ?

ಕಯಾಕ್ ಸಾಗಿಸುವ ಕ್ಯಾರಿಯರ್ ಕೊಳ್ಳುವ ಮುನ್ನ ಕಾರಿನ ಕೈಪಿಡಿಯನ್ನು ಓದುವುದು ಅಗತ್ಯ. ಚಾಲನೆಯಲ್ಲಿರುವಾಗ ಚಾವಣಿ ತಾಳಬಲ್ಲ ಭಾರದ ಮಿತಿ ಅದರಲ್ಲಿರುತ್ತದೆ. ಹಲವು ಕಾರುಗಳಲ್ಲಿ ಇದು 50ರಿಂದ 75 ಕಿಲೋ. ಸುಮಾರು 5 ಮೀಟರ್ ಉದ್ದದ ಸಮುದ್ರ ಕಯಾಕ್ 25 ಕಿಲೋ ಆಸುಪಾಸು ತೂಗುತ್ತದೆ. ಕ್ಯಾರಿಯರ್‌ನ ತೂಕವೂ ಲೆಕ್ಕಕ್ಕೆ ಸೇರುವುದರಿಂದ, ಎರಡು ಕಯಾಕ್ ಹೇರಿದರೆ 50 ಕಿಲೋ ಮಿತಿ ಮೀರುತ್ತದೆ.

ಅಡ್ಡಪಟ್ಟಿಗಳ ನಡುವಿನ ಅಂತರ ಹೆಚ್ಚಿದಷ್ಟೂ ದೋಣಿ ಅಲುಗಾಡದು. ಎರಡು ಕಯಾಕ್‌ಗಳಿಗೆ ಓರೆಯಾಗಿ ನಿಲ್ಲಿಸುವ 'ಜೆ' ಆಕಾರದ ಆಸರೆ ಸೂಕ್ತ, ಜಾಗ ಉಳಿಯುತ್ತದೆ. ರ‍್ಯಾಚೆಟ್ ಪಟ್ಟಿಯನ್ನು ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಒಡಲು ತಗ್ಗುಬೀಳುವ ಕಾರಣ ಬಕಲ್ ಪಟ್ಟಿಯೇ ಲೇಸು.

ಹೆದ್ದಾರಿಯ ಗಾಳಿ ಮೊದಲು ಎತ್ತುವುದು ದೋಣಿಯ ಮೂತಿಯನ್ನು. ಆದ್ದರಿಂದ ಎರಡೂ ತುದಿಗಳನ್ನು ಕಾರಿನ ಮುಂದಿನ, ಹಿಂದಿನ ಕೊಕ್ಕೆಗಳಿಗೆ ಹಗ್ಗದಿಂದ ಕಟ್ಟಬೇಕು. ಹೊರಟ ಹತ್ತು ನಿಮಿಷದಲ್ಲಿ ವಾಹನ ನಿಲ್ಲಿಸಿ, ಪಟ್ಟಿಗಳನ್ನು ಮತ್ತೊಮ್ಮೆ ಪರೀಕ್ಷಿಸಿ.